ಆಲಿಸ್ ಕಥೆ ಬರೆದ ಮೇಷ್ಟ್ರು ಮತ್ತು ಓಟಿನ ಲೆಕ್ಕ

ಲೂಯಿಸ್ ಕ್ಯಾರಲ್ ಅಂದ್ರೆ ನಮಗೆ ನೆನಪಾಗೋದು ಆಲಿಸ್, ಗಡಿಯಾರ ಹಿಡಿದು ಓಡುವ ಮೊಲ, ಅಷ್ಟೇ. ಅವರ ನಿಜವಾದ ಹೆಸರು ಚಾರ್ಲ್ಸ್ ಡಾಡ್ಜ್‌ಸನ್. ಕೆಲಸ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಎಲೆಕ್ಟ್ರಾನಿಕ್ ವೋಟಿಂಗ್ ಬಗ್ಗೆ ಇವತ್ತು ಸಂಶೋಧನೆ ಮಾಡೋರು ಎರಡು ವಿಷಯ ಬಿಡೋ ಹಾಗಿಲ್ಲ: ಒಂದು ಗುಪ್ತಲಿಪಿ, ಇನ್ನೊಂದು ಓಟು ಎಣಿಸೋ ನಿಯಮ. ಮತಯಂತ್ರ ಇಲ್ಲದ ಕಾಲದಲ್ಲೇ ಈ ಮೇಷ್ಟ್ರು ಎರಡರಲ್ಲೂ ಕೈಯಾಡಿಸಿದ್ದರು.

ಹುಟ್ಟಿದ್ದು 1832ರ ಜನವರಿ 27ರಂದು, ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ. ತಂದೆ ಪಾದ್ರಿ, ಮನೆ ತುಂಬ ಹನ್ನೊಂದು ಮಕ್ಕಳು. ಇವರಿಗೆ ಮಾತಾಡುವಾಗ ಉಗ್ಗು. 1851ರಲ್ಲಿ ಕ್ರೈಸ್ಟ್ ಚರ್ಚ್‌ಗೆ ಸ್ಟೂಡೆಂಟ್ ಆಗಿ ಬಂದವರು ಕೊನೆಯವರೆಗೂ ಆ ಕಾಲೇಜು ಬಿಡಲಿಲ್ಲ. 1865ರಲ್ಲಿ ಆಲಿಸ್ ಪುಸ್ತಕ ಬಂತು. ಮರುವರ್ಷ ಡಿಟರ್ಮಿನೆಂಟ್ ಬಿಡಿಸೋಕೆ ಒಂದು ಹೊಸ ದಾರಿ ಪ್ರಕಟಿಸಿದರು: ದೊಡ್ಡ ಮ್ಯಾಟ್ರಿಕ್ಸನ್ನ ಎರಡು ಸಾಲು ಎರಡು ಕಂಬದ ತುಂಡುಗಳಲ್ಲೇ ಲೆಕ್ಕ ಹಾಕುತ್ತಾ ಕುಗ್ಗಿಸೋದು. ಎಕ್ಸಾಮ್‌ಗೆ ಕೇಳಲ್ಲ, ಆದ್ರೆ ಒಮ್ಮೆ ಮಾಡಿ ನೋಡಿ, ಮಜಾ ಇದೆ. 1868ರಲ್ಲಿ ಒಂದು ಗುಪ್ತಲಿಪಿ ಅಚ್ಚು ಹಾಕಿಸಿದರು. ಅದು ಹಳೆಯ ವಿಜೆನೇರ್ ಸೈಫರ್ ತರಹದ್ದೇ. ಅಂಥದ್ದನ್ನ ಒಡೆಯೋದು ಹೇಗೆ ಅಂತ ಜರ್ಮನಿಯ ಕಾಸಿಸ್ಕಿ 1863ರಲ್ಲೇ ಬರೆದಾಗಿತ್ತು. ಹಾಗಾಗಿ ಸೆಕ್ಯುರಿಟಿಯಲ್ಲಿ ಮೇಷ್ಟ್ರಿಗೆ ಪಾಸ್ ಮಾರ್ಕ್ಸ್ ಅಷ್ಟೇ ಅಂತ ನನ್ನ ಲೆಕ್ಕ.

ಓಟಿನ ವಿಷಯ ಹಾಗಲ್ಲ. ಅದು ಶುರುವಾಗಿದ್ದು ಕಾಲೇಜಿನ ಜಗಳದಿಂದ. ಕಾಲೇಜಿನ ಮುಖ್ಯಸ್ಥರಾದ ಡೀನ್ ಲಿಡೆಲ್ ಬೇರೆ ಯಾರೂ ಅಲ್ಲ, ಆ ಆಲಿಸ್ ಹುಡುಗಿಯ ಅಪ್ಪ. ಅವರ ಕಾಲದಲ್ಲಿ ಚರ್ಚಿನ ಗಂಟೆಗಳನ್ನ ಒಂದು ಮರದ ಪೆಟ್ಟಿಗೆಯೊಳಗೆ ಇಟ್ಟರು. ನೋಡೋಕೆ ಥೇಟ್ ಟೀ ಪೆಟ್ಟಿಗೆ. 1872ರಲ್ಲಿ ಡಾಡ್ಜ್‌ಸನ್ ಅದನ್ನ ಗೇಲಿ ಮಾಡಿ ಒಂದು ಪುಸ್ತಿಕೆಯನ್ನೇ ಬರೆದರು. ಮುಂದೆ ಗಂಟೆಗೋಪುರಕ್ಕೆ ಹಲವು ಡಿಸೈನ್ ಬಂದವು. ಮೂರ್ನಾಲ್ಕು ಆಯ್ಕೆ ಇದ್ದಾಗ ಓಟು ಹಾಕೋದು ಹೇಗೆ? 1873, 1874, 1876, ಹೀಗೆ ಮೂರು ಪುಸ್ತಿಕೆಗಳಲ್ಲಿ ಅವರು ಹಿಡಿದುಕೊಂಡಿದ್ದು ಇದೇ ಪ್ರಶ್ನೆ.

ಕಷ್ಟ ಏನು ಅಂತ ನಮ್ಮ ಟ್ರಿಪ್ ಲೆಕ್ಕದಲ್ಲಿ ಹೇಳ್ತೀನಿ. ಮೂವರು ಫ್ರೆಂಡ್ಸ್. ಮೊದಲನೆಯವಳ ಲಿಸ್ಟು ಹಂಪಿ, ಗೋಕರ್ಣ, ಚಿಕ್ಕಮಗಳೂರು. ಎರಡನೆಯವನದು ಗೋಕರ್ಣ, ಚಿಕ್ಕಮಗಳೂರು, ಹಂಪಿ. ಮೂರನೆಯವನದು ಚಿಕ್ಕಮಗಳೂರು, ಹಂಪಿ, ಗೋಕರ್ಣ. ಎರಡೆರಡನ್ನೇ ಹೋಲಿಸಿದ್ರೆ ಗೋಕರ್ಣದ ಮೇಲೆ ಹಂಪಿ ಗೆಲ್ಲುತ್ತೆ, ಚಿಕ್ಕಮಗಳೂರಿನ ಮೇಲೆ ಗೋಕರ್ಣ ಗೆಲ್ಲುತ್ತೆ, ಹಂಪಿಯ ಮೇಲೆ ಚಿಕ್ಕಮಗಳೂರು! ಯಾರೂ ಮೋಸ ಮಾಡಿಲ್ಲ, ಆದ್ರೂ ಗೆದ್ದವರಿಲ್ಲ. ಫ್ರಾನ್ಸಿನ ಕೊಂಡೋರ್ಸೆ ಇದನ್ನ ಹದಿನೆಂಟನೇ ಶತಮಾನದಲ್ಲೇ ಕಂಡಿದ್ದರು, ಡಾಡ್ಜ್‌ಸನ್ ತಮ್ಮಷ್ಟಕ್ಕೇ ಮತ್ತೆ ಕಂಡುಕೊಂಡರು. ಜನ ಮನಸ್ಸಿನಲ್ಲಿದ್ದಂತೆ ಓಟು ಹಾಕದೆ, ಲೆಕ್ಕಾಚಾರ ಮಾಡಿ ಹಾಕ್ತಾರೆ, ಆಗ ಚುನಾವಣೆ ಒಂದು ಆಟ ಆಗಿಬಿಡುತ್ತೆ ಅನ್ನೋದೂ ಅವರ ಕಣ್ಣಿಗೆ ಬಿದ್ದಿತ್ತು.

ಬ್ರಿಟನ್ನಿನಲ್ಲಿ ಗುಪ್ತ ಮತದಾನ ಬಂದಿದ್ದು 1872ರಲ್ಲಿ. ಮೊದಲ ಸಲ ಬಳಸಿದ ಪಾಂಟಿಫ್ರ್ಯಾಕ್ಟ್ ಊರಿನಲ್ಲಿ ಮತಪೆಟ್ಟಿಗೆಗೆ ಮೊಹರು ಒತ್ತಿದ್ದು ಮಿಠಾಯಿ ಫ್ಯಾಕ್ಟರಿಯ ಅಚ್ಚಿನಿಂದ! ಆದ್ರೆ ಓಟು ಗುಟ್ಟಾದ್ರೂ ಫಲಿತಾಂಶ ಗುಟ್ಟಾಗಿರಲಿಲ್ಲ. ಚುನಾವಣೆ ಊರಿಂದೂರಿಗೆ ಹಲವು ದಿನ ನಡೀತಿತ್ತು, ಮೊದಲ ಊರುಗಳ ರಿಸಲ್ಟ್ ನೋಡಿ ಉಳಿದವರು ಗೆಲ್ಲೋ ಕಡೆ ವಾಲುತ್ತಿದ್ದರು. ಎಲ್ಲ ಕಡೆ ಮತದಾನ ಮುಗಿಯೋವರೆಗೂ ಫಲಿತಾಂಶ ಹೊರಗೆ ಬಿಡಬಾರದು ಅಂತ ಡಾಡ್ಜ್‌ಸನ್ ವಾದಿಸಿದರು. 2024ರಲ್ಲಿ ಕರ್ನಾಟಕ ಏಪ್ರಿಲ್ 26 ಮತ್ತು ಮೇ 7ರಂದು ಓಟು ಹಾಕಿ ಜೂನ್ 4ರವರೆಗೆ ಕಾದಿದ್ದರ ಹಿಂದೆ ಇರೋದೂ ಇದೇ ಯೋಚನೆ.

1884ರಲ್ಲಿ ಪಾರ್ಲಿಮೆಂಟ್ ಪ್ರಾತಿನಿಧ್ಯದ ಬಗ್ಗೆ ಪುಸ್ತಕ ಬರೆದರು, ರಾಜಕಾರಣಿ ಲಾರ್ಡ್ ಸಾಲ್ಸ್‌ಬರಿಗೂ ಪತ್ರ ಬರೆದರು. ಒಂದು ಕ್ಷೇತ್ರಕ್ಕೆ ಹಲವು ಸದಸ್ಯರಿರಲಿ, ಸಣ್ಣ ಗುಂಪುಗಳಿಗೂ ಸೀಟು ಸಿಗಲಿ ಅನ್ನೋದು ಅವರ ಆಸೆ. 1885ರ ಕಾನೂನು ಹೆಚ್ಚಿನ ಕಡೆ ಒಂದು ಕ್ಷೇತ್ರಕ್ಕೆ ಒಬ್ಬರೇ ಸದಸ್ಯ ಅಂತ ಮಾಡಿಬಿಡ್ತು.

1898ರ ಜನವರಿ 14ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಆ ಪುಸ್ತಿಕೆಗಳನ್ನ ಆಮೇಲೆ ಹೆಚ್ಚುಕಡಿಮೆ ಯಾರೂ ಮುಟ್ಟಲಿಲ್ಲ. ಡಂಕನ್ ಬ್ಲ್ಯಾಕ್ ಅನ್ನೋ ಅರ್ಥಶಾಸ್ತ್ರಜ್ಞರು 1958ರಲ್ಲಿ ತಮ್ಮ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿಸಿದ ಮೇಲೆಯೇ ಅವು ಬೆಳಕಿಗೆ ಬಂದಿದ್ದು. ಈಗ ಡಾಡ್ಜ್‌ಸನ್ ಹೆಸರಲ್ಲೇ ಒಂದು ನಿಯಮ ಇದೆ: ಮತದಾರರ ಲಿಸ್ಟುಗಳಲ್ಲಿ ಅಕ್ಕಪಕ್ಕದ ಹೆಸರುಗಳನ್ನ ಅದಲುಬದಲು ಮಾಡ್ತಾ ಹೋಗಿ, ಅತಿ ಕಡಿಮೆ ಬದಲಾವಣೆಯಲ್ಲಿ ಎಲ್ಲರನ್ನೂ ಸೋಲಿಸೋ ಹಾಗಾಗುವವರೇ ವಿಜೇತರು. ಕೇಳೋಕೆ ಸುಲಭ. 1989ರಲ್ಲಿ ಬಾರ್ತೋಲ್ಡಿ, ಟೋವಿ, ಟ್ರಿಕ್ ಅನ್ನೋ ಮೂವರು ಇದು ಎನ್‌ಪಿ-ಹಾರ್ಡ್ ಅಂತ ಸಾಧಿಸಿ ತೋರಿಸಿದರು. ಅಭ್ಯರ್ಥಿಗಳು ಕಡಿಮೆ ಇದ್ರೆ ತೊಂದರೆ ಇಲ್ಲ. ಹೆಚ್ಚಾಗ್ತಾ ಹೋದ್ರೆ ಮಷಿನ್ ಹ್ಯಾಕ್ ಆಗದೇ ಇದ್ರೂ, ಪ್ರತಿ ಓಟೂ ಸರಿಯಾಗಿ ದಾಖಲಾಗಿದ್ರೂ, ಗೆದ್ದವರು ಯಾರು ಅಂತ ಹೇಳೋಕೆ ಕಂಪ್ಯೂಟರೇ ತಿಣುಕಾಡುತ್ತೆ.