ಕರ್ಟ್ ಟ್ಯಾಂಕ್

ಕರ್ಟ್ ವಾಲ್ಡೆಮಾರ್ ಟ್ಯಾಂಕ್ (ಫೆಬ್ರವರಿ 24, 1898 – ಜೂನ್ 5, 1983) ಜರ್ಮನಿಯ ವಿಮಾನ ವಿನ್ಯಾಸಕಾರರು ಮತ್ತು ಪರೀಕ್ಷಾ ಪೈಲಟ್. ಎರಡನೆಯ ಮಹಾಯುದ್ಧ ಕಾಲದ ಫೋಕೆ-ವುಲ್ಫ್ 190 ಹಾಗೂ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ ಇವರ ಪ್ರಮುಖ ಯುದ್ಧವಿಮಾನಗಳು. ಈ ಎರಡೂ ವಿಮಾನಗಳ ಇತಿಹಾಸದಲ್ಲಿ ಎಂಜಿನ್‌ನ ಆಯ್ಕೆಯೇ ನಿರ್ಣಾಯಕ ಪ್ರಶ್ನೆಯಾಗಿತ್ತು.

ಆರಂಭಿಕ ಜೀವನ

ಟ್ಯಾಂಕ್ ಅಂದಿನ ಪ್ರಷ್ಯಾದ ಬ್ರೋಂಬೆರ್ಗ್‌ನಲ್ಲಿ (ಇಂದಿನ ಪೋಲೆಂಡಿನ ಬಿಡ್ಗೋಶ್ಚ್) ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದು, ಅನಂತರ ಬರ್ಲಿನ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದರು. 1931ರಲ್ಲಿ ಫೋಕೆ-ವುಲ್ಫ್ ಸಂಸ್ಥೆಯನ್ನು ಸೇರಿದರು.

ಫೋಕೆ-ವುಲ್ಫ್ 190

ಆಗಿನ ಜರ್ಮನ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ 109ರಲ್ಲಿ ದ್ರವದಿಂದ ತಂಪಾಗುವ ಎಂಜಿನ್ ಇತ್ತು. ಟ್ಯಾಂಕ್ ಗಾಳಿಯಿಂದ ತಂಪಾಗುವ ಎಂಜಿನ್ ಆರಿಸಿದರು. ರೇಡಿಯೇಟರ್ ಇಲ್ಲದ ಕಾರಣ ಗುಂಡಿನೇಟನ್ನು ಅದು ಹೆಚ್ಚು ತಾಳಿಕೊಳ್ಳುತ್ತಿತ್ತು. 1939ರ ಜೂನ್ 1ರಂದು ಮೊದಲು ಹಾರಿದ ಮಾದರಿಯ ಬಿಎಂಡಬ್ಲ್ಯು 139 ಎಂಜಿನ್ ವಿಪರೀತ ಕಾಯುತ್ತಿದ್ದುದರಿಂದ, ಹೆಚ್ಚು ಭಾರದ ಬಿಎಂಡಬ್ಲ್ಯು 801 ಅನ್ನು ಅಳವಡಿಸಲಾಯಿತು. ಸಮತೋಲಕ್ಕಾಗಿ ಪೈಲಟ್‌ನ ಆಸನವನ್ನು ಹಿಂದಕ್ಕೆ ಸರಿಸಬೇಕಾಯಿತು.

ಈ ಎಂಜಿನ್‌ನ 14 ಸಿಲಿಂಡರುಗಳ ವ್ಯಾಸವೂ ಪಿಸ್ಟನ್ ಚಲಿಸುವ ದೂರವೂ ತಲಾ 156 ಮಿ.ಮೀ.; ಒಟ್ಟು ಗಾತ್ರ ಸುಮಾರು 41.8 ಲೀಟರ್. ಆದರೂ ಎತ್ತರಕ್ಕೆ ಏರಿದಂತೆ ಇದರ ಶಕ್ತಿ ಕುಗ್ಗುತ್ತಿತ್ತು. ಆದ್ದರಿಂದ ಟ್ಯಾಂಕ್ 150 ಮಿ.ಮೀ. ವ್ಯಾಸ, 165 ಮಿ.ಮೀ. ಚಲನೆಯ, 12 ಸಿಲಿಂಡರುಗಳ ಯೂಮೋ 213 ಅನ್ನು ಬಳಸಿದರು. ಇದರ ಗಾತ್ರ ಕೇವಲ 35 ಲೀಟರ್. ಇದೇ ಅಳತೆಯ ಹಿಂದಿನ ಯೂಮೋ 211ಕ್ಕಿಂತ ವೇಗವಾಗಿ ತಿರುಗುವಂತೆ ಇದನ್ನು ರೂಪಿಸಲಾಗಿತ್ತು. ಮೂತಿ ಉದ್ದವಾದುದರಿಂದ ಹಿಂಭಾಗವನ್ನೂ ಸುಮಾರು ಅರ್ಧ ಮೀಟರ್ ಉದ್ದಗೊಳಿಸಲಾಯಿತು. ಈ ಮಾದರಿ 1944ರಲ್ಲಿ ಬಳಕೆಗೆ ಬಂದಿತು.

ಬೆಂಗಳೂರಿನಲ್ಲಿ

ಯುದ್ಧಾನಂತರ ಅರ್ಜೆಂಟೀನಾದಲ್ಲಿ ಪುಲ್ಕಿ 2 ಜೆಟ್ ವಿಮಾನವನ್ನು ರೂಪಿಸಿದ ಟ್ಯಾಂಕ್, 1956ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬಂದರು. ಇಲ್ಲಿ ಭಾರತೀಯ ಎಂಜಿನಿಯರುಗಳೊಡನೆ ಮಾರುತ್ ವಿಮಾನವನ್ನು ವಿನ್ಯಾಸಗೊಳಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು.

ಶಬ್ದದ ಎರಡು ಪಟ್ಟು ವೇಗ ಗುರಿಯಾಗಿತ್ತು. ಅದಕ್ಕಾಗಿ ಆಫ್ಟರ್‌ಬರ್ನರ್ ಇರುವ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್‌ಗಳನ್ನು ನೆಚ್ಚಲಾಗಿತ್ತು. ಅದರ ಅಭಿವೃದ್ಧಿಯ ವೆಚ್ಚವನ್ನು ಭಾರತ ಭರಿಸಲಿಲ್ಲ, ಎಂಜಿನ್ ತಯಾರಾಗಲಿಲ್ಲ. ಹೀಗಾಗಿ ತಲಾ ಸುಮಾರು 2,200 ಕೆ.ಜಿ. ನೂಕುಬಲದ ಎರಡು ಆರ್ಫಿಯಸ್ 703 ಎಂಜಿನ್‌ಗಳೇ ಉಳಿದವು. ಈಜಿಪ್ಟಿನ ಇ-300 ಎಂಜಿನನ್ನು ಮಾರುತ್‌ನಲ್ಲಿ ಪರೀಕ್ಷಿಸುವ ಯೋಜನೆ 1969ರಲ್ಲಿ ನಿಂತಿತು. ಆರ್ಫಿಯಸ್ 703ಕ್ಕೇ ಆಫ್ಟರ್‌ಬರ್ನರ್ ಜೋಡಿಸಿದ ಮಾದರಿಯ ಅಪಘಾತದಲ್ಲಿ ಸುರಂಜನ್ ದಾಸ್ 1970ರ ಜನವರಿ 10ರಂದು ಮೃತಪಟ್ಟರು.

ಸಾಕಷ್ಟು ಶಕ್ತಿಯ ಎಂಜಿನ್ ದೊರೆಯದೆ ಮಾರುತ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಿಲ್ಲ. ಆದರೂ ಕೆಳಮಟ್ಟದ ಹಾರಾಟದಲ್ಲಿ ಸ್ಥಿರವಾಗಿದ್ದ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲಿನ ದಾಳಿಗೆ ಉಪಯುಕ್ತವಾಯಿತು. ಒಟ್ಟು 147 ಮಾರುತ್‌ಗಳು ನಿರ್ಮಾಣಗೊಂಡವು.

ಕೊನೆಯ ದಿನಗಳು

1960ರ ದಶಕದ ಕೊನೆಗೆ ಜರ್ಮನಿಗೆ ಮರಳಿದ ಟ್ಯಾಂಕ್ ಮ್ಯೂನಿಕ್‌ನಲ್ಲಿ ನಿಧನರಾದರು. ಆಗಲೂ ಮಾರುತ್ ಭಾರತೀಯ ವಾಯುಪಡೆಯ ಸೇವೆಯಲ್ಲಿತ್ತು.