ಸ್ಪಾಕ್‌ನ ಬಾಲ್ಯ ಲೆಕ್ಕಕ್ಕಿಲ್ಲವೇ?

ನಾನು ‘ಸ್ಟಾರ್ ಟ್ರೆಕ್’ ನೋಡಲು ಕುಳಿತಾಗ ಹಾಸ್ಟೆಲ್ ಗೆಳೆಯ ಆನಿಮೇಷನ್ ಸರಣಿ ಬಿಟ್ಟುಬಿಡು, ಅದು ಲೆಕ್ಕಕ್ಕಿಲ್ಲ ಎಂದ. ಹಾಗೆಂದವರು ಯಾರು ಅಂತ ಹುಡುಕಿದರೆ ಸಿಕ್ಕಿದ್ದು ಸ್ಟಾರ್ ಟ್ರೆಕ್ ಹುಟ್ಟಿಸಿದ ಜೀನ್ ರಾಡನ್‌ಬೆರಿ ಅವರೇ!

1921ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದರು. ಆಮೇಲೆ ಪ್ಯಾನ್ ಆಮ್ ಪೈಲಟ್. 1947ರಲ್ಲಿ ಸಿರಿಯಾ ಮರುಭೂಮಿಯಲ್ಲಿ ವಿಮಾನ ಬಿದ್ದಾಗ ಬದುಕುಳಿದು, ಪ್ರಯಾಣಿಕರನ್ನು ಹೊರಗೆಳೆದರು. ನಂತರ ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್. ಅದನ್ನೂ ಬಿಟ್ಟು ಪೂರ್ಣಾವಧಿ ಟಿವಿ ಬರಹಗಾರರಾದಾಗ 35ರ ಆಸುಪಾಸು. (ಇದನ್ನು ನಮ್ಮಪ್ಪನಿಗೆ ಓದಿಸಬೇಕು.)

1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ 79 ಕಂತುಗಳಿಗೇ ನಿಂತಿತು. 1973ರಲ್ಲಿ ಆನಿಮೇಷನ್ ಆಗಿ ಮರಳಿತು. ಹಿಂದೆ ರಾಡನ್‌ಬೆರಿಯವರ ಕಾರ್ಯದರ್ಶಿಯಾಗಿದ್ದ ಡಿ.ಸಿ. ಫಾಂಟಾನಾ ಅದರಲ್ಲಿ ಸ್ಪಾಕ್‌ನ ಬಾಲ್ಯದ ಕಥೆ ಬರೆದರು. ಸಾಯುತ್ತಿರುವ ಸಾಕುಪ್ರಾಣಿಯ ಮುಂದೆ ಏಳು ವರ್ಷದ ಹುಡುಗ ತನ್ನ ದಾರಿ ಆರಿಸಿಕೊಳ್ಳುವ ಕಂತು ಅದು. ನನ್ನ ಕಣ್ಣು ಒದ್ದೆಯಾಯಿತು. 1980ರ ದಶಕದ ಕೊನೆಗೆ ರಾಡನ್‌ಬೆರಿ ಕಚೇರಿ ಇಡೀ ಸರಣಿಯನ್ನೇ ಅಧಿಕೃತವಲ್ಲವೆಂದು ಹೊರಗಿಟ್ಟಿತು. ಸೃಷ್ಟಿಕರ್ತನಿಗೆ ಆ ಹಕ್ಕಿದೆ ಎಂದರು ಕೆಲವು ಅಭಿಮಾನಿಗಳು. ಫಾಂಟಾನಾ ಬರೆದದ್ದು ಅವರೊಬ್ಬರ ಸ್ವತ್ತೇ? ನನಗೆ ಒಪ್ಪಿಗೆಯಾಗಲಿಲ್ಲ.

ತಮಾಷೆಯೆಂದರೆ, ಕ್ಯಾಪ್ಟನ್ ಕರ್ಕ್‌ನ ಹೆಸರಿನ ನಡುವಿನ ಟೈಬೀರಿಯಸ್ ತೆರೆಯ ಮೇಲೆ ಮೊದಲು ಬಂದದ್ದು ಈ ಆನಿಮೇಷನ್‌ನಲ್ಲೇ. 1991ರ ಆರನೇ ಸಿನಿಮಾ ಅದನ್ನೇ ಬಳಸಿತು. ಅದು ಬಿಡುಗಡೆಯಾಗುವ ಮುಂಚೆ, ಅಕ್ಟೋಬರ್ 24ರಂದು ರಾಡನ್‌ಬೆರಿ ತೀರಿಕೊಂಡರು. ಈಗ ಸರಣಿ ಮತ್ತೆ ಅಧಿಕೃತ ಪಟ್ಟಿಯಲ್ಲಿದೆ.

ಮೊನ್ನೆ ಗೆಳೆಯನಿಗೆ ಫಾಂಟಾನಾ ಕಂತು ತೋರಿಸಿದೆ. ಲೆಕ್ಕಕ್ಕಿಲ್ಲ ಎಂದೇ ವಾದಿಸಿದ. ಇನ್ನೊಂದು ಹಾಕು ಅಂತಲೂ ಅಂದ.