ಬಾಡಿಗೆ ವಸೂಲಿಗೆ ಬಂದು ಹೂದೋಟ ಎಬ್ಬಿಸಿದ ಆಕ್ಟೇವಿಯಾ ಹಿಲ್

ಲಂಡನ್‌ನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಗೆ ಸದರ್ಕ್ ಅಂತ ಒಂದು ಪ್ರದೇಶ. ಅಲ್ಲಿನ ಕಟ್ಟಡಗಳ ನಡುವೆ ರೆಡ್ ಕ್ರಾಸ್ ಗಾರ್ಡನ್ ಎಂಬ ಚಿಕ್ಕ ತೋಟವಿದೆ. ಹೆಸರು ಕೇಳಿ ರೆಡ್ ಕ್ರಾಸ್ ಸಂಸ್ಥೆಯದ್ದು ಅಂದುಕೊಳ್ಳುವುದು ಬೇಡ, ಪಕ್ಕದ ರಸ್ತೆಯಿಂದ ಬಂದ ಹೆಸರು ಅದು. ಒಂದು ಕೊಳ, ಬಳಸಿಕೊಂಡು ಹೋಗುವ ಕಾಲುದಾರಿ, ಹೂವಿನ ಪಾತಿ, ಕೂರಲು ಬೆಂಚು, ಅಂಚಿಗೆ ಸಾಲಾಗಿ ಪುಟ್ಟ ಮನೆಗಳು. 1887ಕ್ಕೆ ಮೊದಲು ಈ ಜಾಗದಲ್ಲಿ ಇದ್ದದ್ದು ಸುಟ್ಟುಹೋದ ಕಾಗದ ಕಾರ್ಖಾನೆಯ ಅವಶೇಷ ಮತ್ತು ಕಸದ ರಾಶಿ. ಅದನ್ನು ತೋಟವಾಗಿಸಿದವರು ಆಕ್ಟೇವಿಯಾ ಹಿಲ್. ಅಧಿಕಾರಿಯಲ್ಲ, ಶ್ರೀಮಂತೆಯಲ್ಲ, ಸಂಸತ್ತಿಗೆ ಮತ ಹಾಕುವ ಹಕ್ಕೂ ಇಲ್ಲದ ಒಬ್ಬ ಹೆಣ್ಣುಮಗಳು.

ಆಕ್ಟೇವಿಯಾ ಹುಟ್ಟಿದ್ದು 1838ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ವಿಸ್‌ಬೀಚ್ ಪಟ್ಟಣದಲ್ಲಿ. ತಂದೆ ಜೇಮ್ಸ್ ಹಿಲ್ ಧಾನ್ಯದ ವ್ಯಾಪಾರಿ, ಬ್ಯಾಂಕನ್ನೂ ನಡೆಸುತ್ತಿದ್ದವರು. ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವರು ದಿವಾಳಿಯಾದರು, ಆಮೇಲೆ ಮನಸ್ಸಿನ ಸ್ಥಿಮಿತವೂ ಹೋಯಿತು. ತಾಯಿ ಕ್ಯಾರೊಲಿನ್ ಮಕ್ಕಳನ್ನು ಕಟ್ಟಿಕೊಂಡು ತವರಿನ ಆಸರೆ ಹಿಡಿದರು. ತಾಯಿಯ ತಂದೆ ಡಾ. ಥಾಮಸ್ ಸೌತ್‌ವುಡ್ ಸ್ಮಿತ್ ದೊಡ್ಡ ವೈದ್ಯರು. ಬಡವರ ಕೇರಿಗಳಲ್ಲಿ ಜ್ವರ ಯಾಕೆ ಹರಡುತ್ತದೆ, ಚರಂಡಿ ಮತ್ತು ಗಾಳಿ ಬೆಳಕಿಗೂ ಅದಕ್ಕೂ ಏನು ನಂಟು ಅನ್ನುವುದರ ಹಿಂದೆಯೇ ಅವರು ಆಯುಷ್ಯ ಸವೆಸಿದ್ದರು. ಮೊಮ್ಮಗಳಿಗೆ ಅಜ್ಜನ ಗೀಳು ಅಂಟಿದ್ದು ಅಲ್ಲಿಯೇ ಇರಬೇಕು.

ಬಾಲ್ಯ ಕಳೆದದ್ದು ಲಂಡನ್ ಹೊರಗಿನ ಫಿಂಚ್‌ಲಿಯಲ್ಲಿ. ಆಗ ಅದು ಹಳ್ಳಿಯೇ. ಸುತ್ತ ಹೊಲ, ಹುಲ್ಲುಗಾವಲು. ಹುಡುಗಿಗೆ ಹದಿಮೂರೋ ಹದಿನಾಲ್ಕೋ ಇದ್ದಾಗ ತಾಯಿಗೆ ಲಂಡನ್ ನಗರದೊಳಗೆ ಬಡ ಹೆಂಗಸರ ಸಹಕಾರ ಸಂಘವೊಂದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊಲದ ಮಧ್ಯೆ ಓಡಾಡಿದ ಹುಡುಗಿ ಹೊಗೆಯ ಮಧ್ಯೆ ಬಂದು ಬಿದ್ದಳು. ಆ ವಯಸ್ಸಿಗೇ ಗೊಂಬೆಮನೆಯ ಮೇಜು ಕುರ್ಚಿ ತಯಾರಿಸುವ ಬಡ ಮಕ್ಕಳ ಮೇಲ್ವಿಚಾರಣೆಯ ಹೊಣೆ ಹೆಗಲಿಗೇರಿತು. ಆ ಮಕ್ಕಳ ಮನೆಗಳನ್ನು ನೋಡಿದಾಗಲೇ ಲಂಡನ್‌ನ ಇನ್ನೊಂದು ಮುಖ ಕಂಡದ್ದು. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ರೋಗಿ. ಗಲ್ಫ್‌ನಲ್ಲಿ ಬೆಡ್ ಸ್ಪೇಸ್‌ನಲ್ಲಿ ವರ್ಷ ದೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖ್ಯಾತ ಲೇಖಕ ಜಾನ್ ರಸ್ಕಿನ್ ಅವರಿಗಾಗಿ ಆಕ್ಟೇವಿಯಾ ಚಿತ್ರಗಳ ಪ್ರತಿ ಮಾಡಿಕೊಡುತ್ತಿದ್ದರು. ತಂದೆಯ ಆಸ್ತಿ ಕೈಗೆ ಬಂದಾಗ ರಸ್ಕಿನ್ 1865ರಲ್ಲಿ ಮ್ಯಾರಿಲೆಬೋನ್‌ನ ಪ್ಯಾರಡೈಸ್ ಪ್ಲೇಸ್ ಎಂಬಲ್ಲಿ ಮೂರು ಮನೆಗಳನ್ನು ಹಿಡಿದು ಅವರ ಕೈಗೆ ಕೊಟ್ಟರು. ಹೆಸರಿಗೆ ಸ್ವರ್ಗ, ಒಳಗೆ ನರಕ. ಹಾಕಿದ ಹಣಕ್ಕೆ ವರ್ಷಕ್ಕೆ ಶೇಕಡಾ 5 ಲಾಭ ಬರಬೇಕು ಅನ್ನುವುದು ಲೆಕ್ಕ. ಧರ್ಮಕ್ಕೆ ಮಾಡಿದರೆ ಬೇರೆಯವರು ಹಣ ಹಾಕಲು ಮುಂದೆ ಬರಲಾರರು ಅಂತ. ಆಕ್ಟೇವಿಯಾ ಪ್ರತಿ ವಾರ ತಾವೇ ಬಾಡಿಗೆಗೆ ಹೋದರು. ಬಾಗಿಲು ತಟ್ಟುವಾಗಲೇ ಸೋರುವ ಮಾಡು, ಮುರಿದ ಮೆಟ್ಟಿಲು, ಕೆಲಸ ಕಳಕೊಂಡ ಗಂಡ ಎಲ್ಲ ಗೊತ್ತಾಗುತ್ತಿತ್ತು. ರಿಪೇರಿಗೆ ಎತ್ತಿಟ್ಟ ಹಣದಲ್ಲಿ ಉಳಿದದ್ದನ್ನು ಏನು ಮಾಡಬೇಕು ಅಂತ ಬಾಡಿಗೆದಾರರನ್ನೇ ಕೇಳುತ್ತಿದ್ದರು. ಬಾಡಿಗೆ ತಪ್ಪಿಸಿದವರ ಮೇಲೆ ಮಾತ್ರ ಕರುಣೆ ಕಡಿಮೆ, ಮನೆ ಖಾಲಿ ಮಾಡಿಸಿದ್ದೂ ಉಂಟು.

ಮರುವರ್ಷ ಹತ್ತಿರದ ಫ್ರೆಶ್‌ವಾಟರ್ ಪ್ಲೇಸ್ ಕೂಡ ಕೈಗೆ ಬಂತು. ಅಲ್ಲಿ ಮುರಿದ ದನದ ಹಟ್ಟಿ, ಸಗಣಿ ರಾಶಿ, ಹಳೇ ಮರಮುಟ್ಟು ತುಂಬಿದ್ದ ಒಂದು ಜಾಗ. ಆಕ್ಟೇವಿಯಾ ಅದನ್ನು ತೆರವು ಮಾಡಿಸಿ ಮಕ್ಕಳಿಗೆ ಆಟದ ಅಂಗಳ ಮಾಡಲು ಹೊರಟರು. ಕೇರಿಯವರಿಗೆ ಇದು ಮೊದಲು ರುಚಿಸಲಿಲ್ಲ, ಕಟ್ಟುತ್ತಿದ್ದ ಗೋಡೆಯನ್ನೇ ಕೆಡವಿದರು. ಮತ್ತೆ ಕಟ್ಟಿಸಿದರು. ಅಂಗಳದಲ್ಲಿ ಗಿಡ ಬಂತು, ಗೋಡೆಗೆ ಬಳ್ಳಿ ಹಬ್ಬಿತು, ಆಟ ಆಡಿಸಲು ಸ್ನೇಹಿತೆಯರು ಸರದಿ ಮೇಲೆ ಬರತೊಡಗಿದರು. ಜಾಗ ಸಿಕ್ಕಿದ ಮಾತ್ರಕ್ಕೆ ತೋಟವಾಗುವುದಿಲ್ಲ, ಯಾರಾದರೊಬ್ಬರು ತಪ್ಪದೆ ಬಂದು ನೋಡಿಕೊಂಡರೆ ಮಾತ್ರ ಉಳಿಯುತ್ತದೆ ಅನ್ನುವುದು ಅವರಿಗೆ ಇಲ್ಲೇ ಮನದಟ್ಟಾಯಿತು.

ಈ ತಪ್ಪದೆ ಬರುವವರನ್ನು ಹುಟ್ಟುಹಾಕಿದ್ದೇ ಆಕ್ಟೇವಿಯಾ ಅವರ ದೊಡ್ಡ ಕೆಲಸ. ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳನ್ನು ಸೇರಿಸಿ ಅವರು ತರಬೇತಿ ಕೊಟ್ಟರು. ಮುಂದೆ ಹೆಸರಾದ ಎಮ್ಮಾ ಕಾನ್ಸ್, ಹೆನ್ರಿಯೆಟಾ ಬಾರ್ನೆಟ್ ಎಲ್ಲ ಅವರ ಕೈಕೆಳಗೆ ಪಳಗಿದವರೇ. ಮನಸ್ಸು ಬಂದಾಗ ಬಂದು ಹೋಗುವ ಉಪಕಾರ ಅವರಿಗೆ ಬೇಕಿರಲಿಲ್ಲ. ಒಪ್ಪಿಕೊಂಡ ಮೇಲೆ ಬರಲೇಬೇಕು, ಲೆಕ್ಕ ಬರೆಯಲೇಬೇಕು. 1872ರಿಂದ ಸುಮಾರು ನಾಲ್ಕು ದಶಕ ಅವರು ಈ ಜೊತೆಗಾರರಿಗೆ ವರ್ಷಕ್ಕೊಂದು ಪತ್ರ ಅಚ್ಚು ಹಾಕಿಸಿ ಕಳಿಸಿದರು. ಯಾರು ಏನು ಮಾಡಿದರು, ಬಂದ ಹಣ ಎಲ್ಲಿ ಖರ್ಚಾಯಿತು ಅಂತ ಅದರಲ್ಲಿ ವರದಿ. ಸಂಬಳ ಇಲ್ಲದೆ ದುಡಿದವರಿಗೆ ಇದಕ್ಕಿಂತ ಒಳ್ಳೆಯ ಮರ್ಯಾದೆ ಸಿಗುವುದು ಕಷ್ಟ. ಶಾಲು ಹಾರಕ್ಕಿಂತ ಮೇಲು ಅಂತಲೇ ಹೇಳಬಹುದು.

1875ರಲ್ಲಿ ಒಂದು ದೊಡ್ಡ ಸೋಲು. ಲಂಡನ್‌ನ ಸ್ವಿಸ್ ಕಾಟೇಜ್ ಬಯಲು ಬಡವರು ರಜೆಯ ದಿನ ನಡೆದು ಹೋಗಬಹುದಾದ ದೂರದಲ್ಲಿತ್ತು. ಮಾಲೀಕರು ಮನೆ ಕಟ್ಟಲು ಹೊರಟಾಗ ಆಕ್ಟೇವಿಯಾ ಜಾಗ ಕೊಳ್ಳಲು ಚಂದಾ ಎತ್ತಿದರು. ಕೆಲವೇ ವಾರಗಳಲ್ಲಿ ಬೇಕಾದ ಹಣದ ದೊಡ್ಡ ಪಾಲು ಕೂಡಿತ್ತು. ಅಷ್ಟರಲ್ಲಿ ಮಾಲೀಕರು ಮಾತು ಹಿಂತೆಗೆದರು. ಇವತ್ತು ಅಲ್ಲಿ ಫಿಟ್ಜ್‌ಜಾನ್ಸ್ ಅವೆನ್ಯೂ ಎಂಬ ರಸ್ತೆ ಇದೆ, ಬಯಲಿಲ್ಲ. ಎರಡು ವರ್ಷ ಕಳೆದು ರಸ್ಕಿನ್ ಜೊತೆ ಬಹಿರಂಗವಾಗಿಯೇ ಜಗಳವಾಯಿತು. ದುಡಿದು ದಣಿದಿದ್ದ ದೇಹ ಕುಸಿದು, ವೈದ್ಯರ ಮಾತಿನಂತೆ ಕೆಲಸ ಬಿಟ್ಟು ದೂರ ಹೋಗಬೇಕಾಯಿತು. ಆಗ ಜೊತೆಯಾದ ಹ್ಯಾರಿಯಟ್ ಯಾರ್ಕ್ ಕೊನೆಯವರೆಗೂ ಜೊತೆಗಿದ್ದರು.

ಅಕ್ಕ ಮಿರಾಂಡಾ ಶುರು ಮಾಡಿದ ಕೈರ್ಲ್ ಸೊಸೈಟಿ ಬಡವರ ಕೇರಿಗೆ ಹೂವು, ಬಣ್ಣ, ಸಂಗೀತ ತರಲು ಹುಟ್ಟಿದ ಸಂಘ. ಅದರ ಬಯಲು ಜಾಗಗಳ ವಿಭಾಗದಲ್ಲಿ ಆಕ್ಟೇವಿಯಾ ಖಜಾಂಚಿಯಾಗಿ, ವಕೀಲ ರಾಬರ್ಟ್ ಹಂಟರ್ ಜೊತೆ ದುಡಿದರು. ಮುಚ್ಚಿದ ಹಳೇ ಸ್ಮಶಾನಗಳನ್ನು ಕೂರುವ ತೋಟಗಳಾಗಿಸುವ ಕೆಲಸ ನಡೆಯಿತು. ಒಂದೇ ಕೋಣೆಯಲ್ಲಿ ಬದುಕುವವರಿಗೆ ಮನೆಯ ಹಜಾರ ಹೊರಗೆಲ್ಲಾದರೂ ಸಿಗಬೇಕು, ಅದೂ ಮುದುಕರು, ಮಕ್ಕಳು ನಡೆದು ತಲುಪುವಷ್ಟು ಹತ್ತಿರದಲ್ಲಿ, ಅನ್ನುವುದು ಅವರ ವಾದ. 1889ರಲ್ಲಿ ಪಾರ್ಲಿಮೆಂಟ್ ಹಿಲ್ ಬಯಲು ಕಟ್ಟಡದವರ ಕೈತಪ್ಪಿ ಹ್ಯಾಂಪ್‌ಸ್ಟೆಡ್ ಹೀತ್‌ಗೆ ಸೇರಿದ್ದರಲ್ಲಿ ಅವರ ಪಾಲೂ ಇದೆ. ಸದರ್ಕ್‌ನ ತೋಟಕ್ಕೆ ಪಕ್ಕದಲ್ಲೇ ಸಭಾಂಗಣ ಎದ್ದಿತು. ಬೆಂಕಿಯಿಂದ ಮಕ್ಕಳನ್ನು ಉಳಿಸಿ ತಾನು ಸತ್ತ ಅದೇ ಪ್ರದೇಶದ ಆಲಿಸ್ ಏರ್ಸ್ ಎಂಬ ಹುಡುಗಿಯ ಚಿತ್ರ ಅದರ ಗೋಡೆಗೆ ಬಂತು. ರಾಜರಾಣಿಯರ ಚಿತ್ರ ಬಿಟ್ಟು ಕೇರಿಯ ಹುಡುಗಿಯ ಚಿತ್ರ ಹಾಕಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

1895ರಲ್ಲಿ ಹಂಟರ್ ಮತ್ತು ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಜೊತೆ ಸೇರಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಮೊದಲು ಬಂದ ಆಸ್ತಿ ವೇಲ್ಸ್‌ನ ಕಡಲ ತೀರದ ಒಂದು ಗುಡ್ಡದ ತುಂಡು, ಫ್ಯಾನಿ ಟಾಲ್ಬಟ್ ಎಂಬ ಮಹಿಳೆ ದಾನವಾಗಿ ಕೊಟ್ಟದ್ದು. ಇವತ್ತು ಬ್ರಿಟನ್ನಿನ ಕಾಡು, ಕಡಲತೀರ, ತೋಟಗಳನ್ನು ಕಾಯುವ ಆ ಸಂಸ್ಥೆಗೆ ಸಾವಿರಾರು ಸ್ವಯಂಸೇವಕರಿದ್ದಾರೆ.

ಹಾಗಂತ ಆಕ್ಟೇವಿಯಾ ಎಲ್ಲದರಲ್ಲೂ ಸರಿ ಇದ್ದರು ಅನ್ನುವಂತಿಲ್ಲ. ಮುದುಕರಿಗೆ ಸರ್ಕಾರ ಪಿಂಚಣಿ ಕೊಡುವುದನ್ನು ಅವರು ವಿರೋಧಿಸಿದರು, ಹೆಂಗಸರಿಗೆ ಮತದ ಹಕ್ಕನ್ನೂ ಒಪ್ಪಲಿಲ್ಲ. ಎದುರಿಗೆ ಕಾಣುವ ಬಾಡಿಗೆದಾರನ ಮುಖದಾಚೆ ದೊಡ್ಡ ಲೆಕ್ಕ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಮನೆಮನೆಗೆ ಹೋಗುವವರಿಂದ ಆಗುವಂಥದ್ದೇ ಎಲ್ಲವೂ ಅಲ್ಲವಲ್ಲ.

1912ರ ಆಗಸ್ಟ್ 13ರಂದು, 73ನೇ ವಯಸ್ಸಿನಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಮಣ್ಣು ಮಾಡುವ ಗೌರವ ಬಂದಿತ್ತು, ಮನೆಯವರು ಬೇಡವೆಂದರು. ಸಮಾಧಿ ಇರುವುದು ಕೆಂಟ್‌ನ ಕ್ರೋಕಮ್ ಹಿಲ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ.

ಸದರ್ಕ್‌ನ ತೋಟದ ಕತೆ ಅಲ್ಲಿಗೆ ಮುಗಿಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಅದು ಬರೀ ಹುಲ್ಲು ಮತ್ತು ಡಾಂಬರಿನ ಜಾಗವಾಯಿತು. ಕೊಳ ಹೋಯಿತು, ಹೂವಿನ ಪಾತಿ ಹೋಯಿತು. ಕಳೆದ ಇಪ್ಪತ್ತು ವರ್ಷಗಳ ಹಿಂದೆ ಬ್ಯಾಂಕ್‌ಸೈಡ್ ಓಪನ್ ಸ್ಪೇಸಸ್ ಟ್ರಸ್ಟ್ ಎಂಬ ಸ್ಥಳೀಯ ಸಂಸ್ಥೆ ಹಳೆಯ ನಕ್ಷೆಯಂತೆಯೇ ಅದನ್ನು ಮತ್ತೆ ಎಬ್ಬಿಸಿತು. ಈಗ ಅಲ್ಲಿ ಕಳೆ ಕೀಳುವವರಲ್ಲಿ, ಗಿಡ ನೆಡುವವರಲ್ಲಿ ಅದೇ ಕೇರಿಯ ಸ್ವಯಂಸೇವಕರೂ ಇದ್ದಾರೆ. ಹತ್ತಿರದ ಆಫೀಸುಗಳವರು ಮಧ್ಯಾಹ್ನ ಬುತ್ತಿ ಹಿಡಿದು ಬಂದು ಕೊಳದ ಬದಿಯ ಬೆಂಚಿನಲ್ಲಿ ಕೂರುತ್ತಾರೆ.